ಹಲವು ನೋಟಗಳಿಂದ ಒಂದು ರೂಪ: ಕೋಲ್‌ಮ್ಯಾಪ್ ತಂತ್ರಾಂಶದ ವಿಮರ್ಶೆ

ಒಂದೇ ವಸ್ತುವನ್ನು ಹಲವು ಕೋನಗಳಿಂದ ತೆಗೆದ ಸಾಮಾನ್ಯ ಛಾಯಾಚಿತ್ರಗಳಿಂದ ಅದರ ಮೂರು ಆಯಾಮದ ರೂಪವನ್ನು ಕಟ್ಟಿಕೊಡುವ ಉಚಿತ, ಮುಕ್ತ ತಂತ್ರಾಂಶ ಕೋಲ್‌ಮ್ಯಾಪ್. ಯೋಹಾನೆಸ್ ಶೋನ್‌ಬರ್ಗರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಸಂಶೋಧನೆ ಇದರ ತಳಹದಿ.

ಪ್ರತಿ ಚಿತ್ರದಲ್ಲೂ ಎದ್ದು ಕಾಣುವ ಬಿಂದುಗಳನ್ನು ಸಿಫ್ಟ್ ವಿಧಾನದಿಂದ ಗುರುತಿಸಿ, ಅವನ್ನು ಇತರ ಚಿತ್ರಗಳ ಬಿಂದುಗಳೊಂದಿಗೆ ಹೊಂದಿಸಿ, ಒಂದು ಜೋಡಿಯಿಂದ ಆರಂಭಿಸಿ ಉಳಿದವನ್ನು ಒಂದೊಂದಾಗಿ ಸೇರಿಸುತ್ತಾ, ಕ್ಯಾಮೆರಾ ಪ್ರತಿ ಸಲ ಎಲ್ಲಿತ್ತು, ಯಾವ ಕಡೆಗೆ ನೋಡುತ್ತಿತ್ತು ಎಂಬುದನ್ನು ಇದು ಲೆಕ್ಕಹಾಕುತ್ತದೆ. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಈ ಹಂತವೇ. ಕ್ಯಾಮೆರಾದ ಸ್ಥಾನಗಳು ಪರದೆಯ ಮೇಲೆ ಒಂದೊಂದಾಗಿ ಮೂಡುವುದರಿಂದ, ಯಾವ ಚಿತ್ರ ಹೊರಗುಳಿಯಿತು ಎಂಬುದು ಆಗಲೇ ತಿಳಿಯುತ್ತದೆ. ಕೆತ್ತನೆಯ ಮರದ ಪೆಟ್ಟಿಗೆಯೊಂದರ ಒಂದು ಬದಿ ಹೀಗೆ ಬಿಟ್ಟುಹೋದಾಗ, ಮೂಲೆಯಲ್ಲಿ ನಾನು ಒಮ್ಮೆಲೇ ದೊಡ್ಡ ಹೆಜ್ಜೆ ಇಟ್ಟು ಚಿತ್ರಗಳ ನಡುವಿನ ಹೊಂದಿಕೆ ಕಳೆದಿದ್ದೆನೆಂದು ಅರಿವಾಯಿತು. ನಡುವೆ ಕೆಲವು ಚಿತ್ರ ಸೇರಿಸಿದ ಮೇಲೆ ಆ ಬದಿಯೂ ಕೂಡಿಕೊಂಡಿತು. ನಿಂತಲ್ಲೇ ಕ್ಯಾಮೆರಾ ತಿರುಗಿಸಿದರೆ ಆಳದ ಅಂದಾಜು ಸಿಗದು. ವಸ್ತುವಿನ ಸುತ್ತ ನಡೆಯಲೇಬೇಕು.

ಚಿತ್ರಗಳ ಸಂಖ್ಯೆಯ ಬಗ್ಗೆ ಎಚ್ಚರ ಬೇಕು. ಎಲ್ಲ ಜೋಡಿಗಳನ್ನೂ ಹೋಲಿಸಲು ಹೇಳಿದರೆ 100 ಚಿತ್ರಗಳಿಗೆ 4,950 ಜೋಡಿಗಳಾಗುತ್ತವೆ, 400ಕ್ಕೆ 79,800. ವಿಡಿಯೊದಿಂದ ತೆಗೆದ ಚಿತ್ರಗಳಾದರೆ ಅಕ್ಕಪಕ್ಕದವನ್ನಷ್ಟೇ ಹೋಲಿಸುವ ಆಯ್ಕೆ ಸಾಕು, ಸಮಯವೂ ಉಳಿಯುತ್ತದೆ.

ಮೇಲ್ಮೈಯನ್ನು ದಟ್ಟವಾಗಿ ತುಂಬುವ ಮುಂದಿನ ಹಂತಕ್ಕೆ, ಲೆಕ್ಕಾಚಾರವನ್ನು ಗ್ರಾಫಿಕ್ಸ್ ಕಾರ್ಡ್‌ನಲ್ಲೇ ನಡೆಸುವ ‘ಕುಡಾ’ (CUDA) ಎಂಬ ವ್ಯವಸ್ಥೆಗೆ ಬೆಂಬಲವಿರುವ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು. ಇದು ಹಲವರಿಗೆ ನಿಜವಾದ ಅಡ್ಡಿ. ಹೊಳೆಯುವ ಪಿಂಗಾಣಿ, ಗಾಜು, ಖಾಲಿ ಗೋಡೆಗಳಲ್ಲಿ ಫಲಿತಾಂಶ ತೂತುತೂತಾಗಿ ಬರುತ್ತದೆ. ಆದರೆ ಹೊಳಪು ನೋಡುವ ಕೋನದೊಂದಿಗೆ ಜಾಗ ಬದಲಿಸುವುದರಿಂದಲೂ, ಖಾಲಿ ಗೋಡೆಯಲ್ಲಿ ಗುರುತಿಸಲು ಬಿಂದುಗಳೇ ಇಲ್ಲದಿರುವುದರಿಂದಲೂ, ಈ ದೋಷವನ್ನು ಕೋಲ್‌ಮ್ಯಾಪ್ ಒಂದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ಹೊಸಬರಿಗೆ ಆಯ್ಕೆಗಳ ಪಟ್ಟಿ ಗೊಂದಲ ಹುಟ್ಟಿಸಬಹುದು. ಸ್ವಯಂಚಾಲಿತ ವಿಧಾನದಿಂದ ಆರಂಭಿಸುವುದು ಒಳ್ಳೆಯದು. ಅಳತೆಯ ಕೆಲಸಕ್ಕೆ ಬಳಸುವವರು ವಸ್ತುವಿನ ಪಕ್ಕದಲ್ಲಿ ಅಳತೆಪಟ್ಟಿಯೊಂದನ್ನು ಇಟ್ಟೇ ಚಿತ್ರ ತೆಗೆಯಬೇಕು, ಏಕೆಂದರೆ ಚಿತ್ರಗಳಷ್ಟರಿಂದಲೇ ರೂಪ ದೊರೆಯುತ್ತದೆಯೇ ಹೊರತು ನಿಜವಾದ ಗಾತ್ರ ದೊರೆಯುವುದಿಲ್ಲ.