ಕಲಬುರಗಿ ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿ: ಠೇವಣಿ ಸಿಕ್ಕಿಬಿದ್ದವರು ಇಲ್ಲಿ ಹೋಗಿ

ನಾನು ಶಹಾಬಾದಿನಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ದಿನಾ ಪಿಗ್ಮಿ ಕಟ್ಟಿದ ಕಂಪನಿ ಬಾಗಿಲು ಹಾಕಿತು. ಅದರ ನಿರ್ದೇಶಕರ ಮೇಲೆ ಈಗ ವಂಚನೆ ಕೇಸ್ ನಡೀತಿದೆ. ಕ್ಲೇಮ್ ಅರ್ಜಿ ತುಂಬಿಸಲು ಜಿಲ್ಲಾ ಕೋರ್ಟ್ ಹತ್ತಿರದ ಈ ಟೈಪಿಂಗ್, ಝೆರಾಕ್ಸ್ ಅಂಗಡಿಗೆ ಹೋಗಿದ್ದೆ.

ಏಜೆಂಟ್ ಮಷಿನ್‌ನಿಂದ ಹರಿದು ಕೊಡ್ತಿದ್ದ ಚೀಟಿಗಳು ಮಾಸಿದ್ದವು. ಲ್ಯಾಮಿನೇಷನ್ ಮಾಡಿಕೊಡಿ ಅಂದೆ. ‘ಬ್ಯಾಡ್ರಿ ಅಕ್ಕಾ, ಬಿಸಿ ತಾಗಿದ್ರ ಕರ್ರಗ ಆಗ್ತಾವ’ ಅಂದರು ಅಂಗಡಿಯ ಅಣ್ಣ. ಒಂದು ಚೀಟಿಯ ಖಾಲಿ ತುದಿ ಕತ್ತರಿಸಿ ಲ್ಯಾಮಿನೇಷನ್ ಮಷಿನ್‌ಗೆ ಹಾಕಿ ತೋರಿಸಿದರು. ಇದ್ದಿಲಿನ ಹಾಗೆ ಕಪ್ಪಾಗಿ ಹೊರಬಂತು. ಆಮೇಲೆ ಎಲ್ಲ ಚೀಟಿಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ ಝೆರಾಕ್ಸ್ ತೆಗೆದು, ಅಸಲನ್ನು ಕವರ್‌ಗೆ ಹಾಕಿ ಕೊಟ್ಟರು. ಅಸಲು ಯಾರ ಕೈಗೂ ಸುಮ್ನೆ ಕೊಡಬೇಡಿ ಅಂತ ಎರಡೆರಡು ಸಲ ಹೇಳಿದರು.

ನನಗೆ ಜಾಸ್ತಿ ಹಿಡಿಸಿದ್ದು ಅವರು ಸುಳ್ಳು ಭರವಸೆ ಕೊಡದೇ ಇದ್ದದ್ದು. ನಿರ್ದೇಶಕರು ಜೈಲಿಗೆ ಹೋದರೆ ನಮ್ಮ ದುಡ್ಡು ಬರುತ್ತೆ ಅಂತ ನಮ್ಮೋಣಿಯವರೆಲ್ಲ ನಂಬಿದ್ದಾರೆ. ಶಿಕ್ಷೆಯೇ ಬೇರೆ, ದುಡ್ಡೇ ಬೇರೆ ಅಂದರು ಅಣ್ಣ. ಠೇವಣಿದಾರರಿಗಾಗಿ ಕರ್ನಾಟಕದಲ್ಲಿ 2004ರ ಕಾನೂನು ಇದೆ. ಅದರ ಪ್ರಕಾರ ಸರ್ಕಾರ ಕಂಪನಿಯ ಆಸ್ತಿ ಜಪ್ತಿ ಮಾಡುತ್ತೆ, ಸಕ್ಷಮ ಪ್ರಾಧಿಕಾರ (ಇದಕ್ಕಂತಲೇ ಸರ್ಕಾರ ನೇಮಿಸಿದ ಅಧಿಕಾರಿ) ಕ್ಲೇಮ್ ಪಡೆಯುತ್ತೆ, ವಿಶೇಷ ಕೋರ್ಟ್ ಆದೇಶ ಆದಮೇಲೆ ಹರಾಜಿನ ಹಣ ಹಂಚುತ್ತಾರೆ. ಅರ್ಜಿ ಹಾಕದೆ ಕೂತರೆ ನಮ್ಮ ಹೆಸರು ಪಟ್ಟಿಗೆ ಹೇಗೆ ಬರಬೇಕು?

ಎಷ್ಟು ದಿನ ಆಗುತ್ತೆ ಅಂತ ಕೇಳಿದೆ. ಪಕ್ಕದ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ವಂಚನೆ ಕೇಸ್ ನೆನಪಿಸಿದರು. ಲೆಕ್ಕ ಸುಳ್ಳು ಅಂತ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದದ್ದು 2009ರ ಜನವರಿಯಲ್ಲಿ. ತೀರ್ಪು ಬಂದದ್ದು 2015ರ ಏಪ್ರಿಲ್‌ನಲ್ಲಿ. 7 ವರ್ಷ ಶಿಕ್ಷೆ ಆಯಿತು, ಮುಂದಿನ ತಿಂಗಳೇ ಮೇಲ್ಮನವಿಯಲ್ಲಿ ಜಾಮೀನೂ ಸಿಕ್ಕಿತು. ಕೇಳಿ ಹೊಟ್ಟೆ ಉರಿಯಿತು. ಅಷ್ಟು ದೊಡ್ಡ ಕೇಸಿಗೇ ಆರು ವರ್ಷ ಹಿಡಿದರೆ ನಮ್ಮಂಥವರದ್ದು ಯಾವಾಗ? ಆದರೂ ನಿಜ ಗೊತ್ತಾಯಿತಲ್ಲ, ಅಷ್ಟೇ ಸಾಕು. ಕೋರ್ಟಿನಲ್ಲಿ ಪ್ರತಿ ಕೇಸಿಗೂ ಕೊಡೋ 16 ಅಕ್ಷರ-ಅಂಕಿಯ ಗುರುತಿನ ನಂಬರ್, ಅಂದರೆ ಸಿಎನ್‌ಆರ್ ನಂಬರ್ ಹಾಕಿ ಮುಂದಿನ ತಾರೀಖು ಮೊಬೈಲ್‌ನಲ್ಲೇ ನೋಡೋದನ್ನೂ ಕಲಿಸಿಕೊಟ್ಟರು. ಈಗ ಏಜೆಂಟನಿಗೆ ಫೋನ್ ಮಾಡಿ ಬೇಡಿಕೊಳ್ಳೋದು ತಪ್ಪಿದೆ.

ಕೊರತೆಯೂ ಇದೆ. ಕೂರಲು ಜಾಗವಿಲ್ಲ, ಆಳಂದದಿಂದ ಬಂದಿದ್ದ ಅಜ್ಜಿ ನಿಂತೇ ಇದ್ದರು. ಒಂದು ಸ್ಟೂಲ್ ಇಡಲೇಬೇಕು. ಪ್ರಿಂಟ್ ತೆಗೆಯೋ ಮುಂಚೆ ನಮಗೆ ಓದಲು ಕೊಡಲ್ಲ. ನನ್ನ ಹೆಸರಿನ ಸ್ಪೆಲಿಂಗ್ ಆಧಾರ್‌ಗೆ ಹೊಂದದೆ ಮತ್ತೆ ತೆಗೆಯಬೇಕಾಯಿತು, ಅದಕ್ಕೆ ದುಡ್ಡು ಮಾತ್ರ ತಗೊಳ್ಳಲಿಲ್ಲ.

ಹೋಗುವವರು ಬಾಂಡ್, ಪಾಸ್‌ಬುಕ್, ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ತಗೊಂಡು ಬೆಳಗ್ಗೆಯೇ ಹೋಗಿ. ಮಧ್ಯಾಹ್ನ ವಕೀಲರ ಕೆಲಸ ಶುರುವಾದರೆ ನಮ್ಮ ಸರದಿ ಬರೋದು ಕಷ್ಟ.