ಮೇಜಿನ ಅಡಿ ಬಗ್ಗಿ ನೋಡಿ ಮೆಚ್ಚಿದ ಕೆಲಸ

ಹಳೇ ಮನೆ ಕೆಡವಿದ ಮರ, ಕಬ್ಬಿಣ ನಿಮ್ಮ ಅಂಗಳದಲ್ಲಿ ಬಿದ್ದಿದ್ದರೆ ಗುಜರಿಯವರಿಗೆ ಫೋನು ಮಾಡುವ ಮೊದಲು ಅದರಿಂದಲೇ ಮೇಜು-ಬೆಂಚು ಮಾಡಿಕೊಡುವ ಆಚಾರ್ರನ್ನೊಮ್ಮೆ ಕರೆಸಿ. ನಮಗೆ ಸಿಕ್ಕಿದವರದು ಕಾರ್ಕಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆ ಬಿಟ್ಟು ಸ್ವಲ್ಪ ಒಳಗಿರುವ ತಗಡಿನ ಶೆಡ್ಡು. ಬೋರ್ಡು ಹಾಕಿಲ್ಲ. ಅಣ್ಣನದು ಮರದ ಕೆಲಸ, ತಮ್ಮನದು ಕಬ್ಬಿಣದ ಕೆಲಸ. ಊಟದ ಮೇಜು, ಒಂದು ಬೆಂಚು, ಬಾಗಿಲ ಪಕ್ಕ ಕೊಡೆ-ಚೀಲ ತೂಗುಹಾಕುವ ಪಟ್ಟಿ ಇಷ್ಟನ್ನು ಅಲ್ಲೇ ಮಾಡಿಸಿದೆವು. ಮಳೆಗಾಲ ಪೂರ್ತಿ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಮರ-ಕಬ್ಬಿಣದ ಪರೀಕ್ಷೆ ಆಗುವುದೇ ಮಳೆಗಾಲದಲ್ಲಿ.

ಮರ ನಮ್ಮದೇ. ಗಂಡನ ಕುಟುಂಬದ ಹಂಚಿನ ಮನೆ ಪಾಲಾದಾಗ ನಮಗೆ ಬಂದದ್ದು ಚಾವಡಿಯ ಬಾಗಿಲು, ಒಂದಷ್ಟು ಪಕ್ಕಾಸು (ಮಾಡಿನ ಇಳಿಜಾರಿಗೆ ಹಾಕುವ ಮರದ ತೊಲೆ), ಕಿಟಕಿಯ ಸರಳು, ಉಯ್ಯಾಲೆಯ ಸರಪಳಿ. ಹೊರಗಿಂದ ಪಕ್ಕಾಸುಗಳೆಲ್ಲ ಒಂದೇ ಥರ ಕಪ್ಪಗಿದ್ದವು. ಅಡಿಗೆಮನೆಯ ಹೊಗೆ ಒಂದು, ಗೆದ್ದಲು ಬಾರದಿರಲಿ ಅಂತ ಹಿಂದಿನವರು ಬಳಿದ ಗೇರೆಣ್ಣೆ ಇನ್ನೊಂದು. ಆಚಾರ್ರು ಉಳಿ ಹಿಡಿದು ಒಂದೊಂದನ್ನೂ ಮೂಲೆಯಲ್ಲಿ ಚೂರು ಕೆತ್ತಿ ನೋಡುತ್ತ ಹೋದರು. ಹಳದಿ ಕಂಡದ್ದು ಹಲಸು, ಉಳಿಗೇ ಜಗ್ಗದೆ ಭಾರವಾಗಿದ್ದದ್ದು ಕಿರಾಲುಬೋಗಿ ಅನ್ನುವ ಗಟ್ಟಿ ಮರ. ಒಂದನ್ನು ಎತ್ತಿ ನೆಲಕ್ಕೆ ಕುಟ್ಟಿದಾಗ ಸಣ್ಣಗೆ ಪುಡಿ ಉದುರಿತು. "ಅಕ್ಕಾ, ಇದರ ಹೊರಮೈಯಲ್ಲಿ ಕುಟ್ಟೆ ಹುಳ ಉಂಟು. ಚೇಗಿಗೆ, ಒಳಗಿನ ಗಟ್ಟಿ ತಿರುಳಿಗೆ, ಏನೂ ಆಗ್ಲಿಲ್ಲ. ಬಿಳಿಭಾಗ ಪೂರ್ತಿ ತೆಗೀತೇನೆ, ದಪ್ಪ ಕಮ್ಮಿ ಆಗ್ತದೆ, ಅಡ್ಡಿ ಇಲ್ವಾ?" ಅಂತ ಕೇಳಿದರು. ನಮ್ಮ ಮರವನ್ನು ಹೀಗೆ ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿ ನಮಗೇ ಪರಿಚಯ ಮಾಡಿಕೊಟ್ಟರಲ್ಲ, ಅಷ್ಟಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಮೇಜಿನ ಮೇಲ್ಭಾಗಕ್ಕೆ ಪಕ್ಕಾಸನ್ನೇ ಸೀಳಿ ಹಲಗೆ ಮಾಡಿ ಜೋಡಿಸಿದ್ದಾರೆ. ಹಂಚಿನ ಮಾಡಿನ ಪಕ್ಕಾಸಿನಲ್ಲಿ ರೀಪು (ಹಂಚು ಕೂರಿಸುವ ಅಡ್ಡಪಟ್ಟಿ) ಹೊಡೆದ ಮೊಳೆಯ ತೂತು ಸುಮಾರು ಅಡಿಗೊಂದರಂತೆ ಸಾಲಾಗಿರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಹಂಚು ಒಂದೇ ಅಳತೆಯಲ್ಲಿ ಬರತೊಡಗಿತು, ರೀಪಿನ ಅಂತರವೂ ಆ ಅಳತೆಗೇ ನಿಂತಿತು. ಆ ತೂತಿನ ಸಾಲು ಈಗ ನಮ್ಮ ಮೇಜಿನ ಉದ್ದಕ್ಕೂ ಇದೆ. ಅನ್ನದ ಅಗುಳು ಹೋಗಿ ಕೂರದ ಹಾಗೆ ಅರಗು ಕರಗಿಸಿ ತುಂಬಿ ಉಜ್ಜಿದ್ದಾರೆ. ಬೆರಳಾಡಿಸಿದರೆ ಎಲ್ಲೂ ತಡೆಯುವುದಿಲ್ಲ.

ಪ್ರತಿ ತೂತಿನ ಸುತ್ತ ಒಂದು ಕಪ್ಪು ಉಂಗುರವಿದೆ. ಮರದ ಒಗರು ಮೊಳೆಯ ಕಬ್ಬಿಣದ ಜತೆ ಸೇರಿ, ನೀರಿನ ಪಸೆಯಲ್ಲಿ ವರ್ಷಗಟ್ಟಲೆ ಇದ್ದು ಮೂಡಿದ ಕಪ್ಪು ಅದು. ಹಿಂದೆ ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ಹಳೇ ಮರದ್ದು ಅಂತ ಹೇಳಿ ಮಾರುವ ಸಾಮಾನು ನೋಡುವಾಗ ಈ ಉಂಗುರ ಹುಡುಕಿ. ನಗರದ ದೊಡ್ಡ ಶೋರೂಮೊಂದರಲ್ಲಿ ಇದರ ಎರಡು ಪಟ್ಟು ಬೆಲೆಯ ಮೇಜು ತೋರಿಸಿದ್ದರು. ತೂತುಗಳೇನೋ ಇದ್ದವು, ಆದರೆ ಒಳಗೆಲ್ಲ ಹಸಿ ಮರದ ಬಣ್ಣ. ಮೇಲೆ ಸರಪಳಿಯಿಂದ ಬಡಿದು ಹಳೇದು ಮಾಡಿದ ಗುರುತು, ಅಡಿಗೆ ಬಗ್ಗಿ ನೋಡಿದರೆ ಮೆಷಿನ್ನಿನಲ್ಲಿ ಕೊಯ್ದ ಹೊಸ ಹಲಗೆ. ಅಂಥದ್ದಕ್ಕೆ ಹಳೇ ಮರದ ಬೆಲೆ ಕೊಡಬೇಡಿ.

ನಮ್ಮ ಮೇಜಿನ ಅಡಿಯಲ್ಲಿ ಬೇರೆಯೇ ಒಂದು ವಿಷಯ ಇದೆ, ನಾನು ಈ ಶೆಡ್ಡನ್ನು ಇಷ್ಟು ಹೊಗಳುತ್ತಿರುವುದೂ ಅದಕ್ಕೇ. ಹಲಗೆಗಳನ್ನು ಕಬ್ಬಿಣದ ಚೌಕಟ್ಟಿಗೆ ಸ್ಕ್ರೂ ಹಾಕಿ ಹಿಡಿಸಿದ್ದಾರೆ. ಚೌಕಟ್ಟಿನಲ್ಲಿ ಕೊರೆದ ತೂತು ಗುಂಡಗಿಲ್ಲ, ಹಲಗೆಯ ಅಗಲದ ದಿಕ್ಕಿಗೆ ಉದ್ದುದ್ದವಾಗಿದೆ. ಮಳೆಗಾಲದಲ್ಲಿ ಮರ ತೇವ ಹೀರಿ ಅಗಲವಾಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ, ಎಷ್ಟೇ ಹಳೇ ಮರವಾದರೂ. ಕಬ್ಬಿಣ ಹಾಗೆ ತೇವಕ್ಕೆ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಬಿಗಿಯಾಗಿ ಕಟ್ಟಿಹಾಕಿದರೆ ಸೀಳುವುದು ಮರವೇ. ಉದ್ದ ತೂತಿದ್ದರೆ ಸ್ಕ್ರೂ ಅತ್ತಿತ್ತ ಒಂದಿಷ್ಟು ಜರುಗುತ್ತದೆ. ಆಷಾಢದಲ್ಲಿ ಹಲಗೆಗಳ ನಡುವಿನ ಗೆರೆ ಮುಚ್ಚಿಕೊಂಡಿತ್ತು, ಮಾರ್ಚಿಗೆ ಮತ್ತೆ ಸಣ್ಣಗೆ ಬಿಟ್ಟುಕೊಂಡಿತು. ಒಂದು ಹಲಗೆಯೂ ಸೀಳಿಲ್ಲ. ಮರ ಮತ್ತು ಕಬ್ಬಿಣ ಕೂಡಿಸಿ ಮಾಡುವ ಕೆಲಸದಲ್ಲಿ ಜಾಣತನ ಇರುವುದು ಇಲ್ಲಿಯೇ, ಬೇರೆಲ್ಲ ಆಮೇಲಿನದು.

ಕಾಲುಗಳಾಗಿರುವುದು ಕಿಟಕಿಯ ಸರಳು. ಕಬ್ಬಿಣದ ಕೆಲಸದ ತಮ್ಮ ಅದರ ಒಂದು ತುಂಡನ್ನು ಅರ್ಧ ಕೊಯ್ದು ಬಗ್ಗಿಸಿ ಮುರಿದು ತೋರಿಸಿದರು. ಒಳಗೆ ಕಬ್ಬಿನ ಸಿಪ್ಪೆಯ ಹಾಗೆ ಎಳೆ ಎಳೆ. ಈಗ ಅಂಗಡಿಯಲ್ಲಿ ಸಿಗುವ ಸರಳು ಮುರಿದರೆ ಹೀಗೆ ಕಾಣುವುದಿಲ್ಲ. ಇದು ಬೆಂಕಿಗೆ ಹಾಕಿ ಬಡಿದರೆ ಹೇಳಿದ ಹಾಗೆ ಬಗ್ಗುವ ಹಳೇ ಕಬ್ಬಿಣ, ಅದನ್ನು ಬಡಿದೇ ಕಾಲಿನ ಆಕಾರಕ್ಕೆ ತಂದರು. ಬೆಂಚಿಗೆ ಮಾತ್ರ ಅತ್ತೆಯ ಹೊಲಿಗೆ ಮೆಷಿನ್ನಿನ ಸ್ಟ್ಯಾಂಡ್ ಕೊಟ್ಟಿದ್ದೆ. ಅದನ್ನು ಅಗಲ ಮಾಡಿ ವೆಲ್ಡ್ ಮಾಡಿಕೊಡಿ ಅಂದಾಗ ಅವರು ಒಪ್ಪಲಿಲ್ಲ. "ಇದು ಬೀಡು ಅಕ್ಕಾ, ಎರಕ ಹೊಯ್ದ ಕಬ್ಬಿಣ. ಸಾದಾ ವೆಲ್ಡಿಂಗ್ ಹಾಕಿದ್ರೆ ತಣಿಯುವಾಗ ಬಿರುಕು ಬಿಡ್ತದೆ. ನೀವು ಅದರ ಮೇಲೆ ಕೂತ್ಕೊಳ್ಳುವವರು." ಎರಡು ಬದಿಯ ಸ್ಟ್ಯಾಂಡಿನ ನಡುವೆ ಕಬ್ಬಿಣದ ಪಟ್ಟಿ ಕೊಟ್ಟು ನಟ್-ಬೋಲ್ಟ್ ಹಾಕಿದ್ದಾರೆ. ಮನೆಗೆ ಬಂದ ನೆಂಟರು ಮೂವರು ಒಟ್ಟಿಗೆ ಕೂತರೂ ಅಲುಗುವುದಿಲ್ಲ.

ಚಾವಡಿಯ ಬಾಗಿಲಿಗೆ ಪದರ ಪದರ ಹಸಿರು ಆಯಿಲ್ ಪೇಂಟ್ ಇತ್ತು. ಅದನ್ನು ಮೆಷಿನ್ನಿನಲ್ಲಿ ಉಜ್ಜದೆ, ಹೊರಗೆ ಗಾಳಿಯಲ್ಲಿ ಕೂತು, ನೀರು ಹಾಕಿ ಕೆರೆದು ತೆಗೆದರು. ಕೆರೆದ ಪುಡಿಯನ್ನು ಕಾಗದದಲ್ಲಿ ಒಟ್ಟು ಮಾಡಿದರು. ಇದನ್ನು ಮನೆಯಲ್ಲಿ ಮಾಡಿಸುವವರು ದಯವಿಟ್ಟು ಗಮನಿಸಿ: ಹಳೇ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಮಕ್ಕಳಿರುವ ಮನೆಯೊಳಗೆ ಆ ಧೂಳು ಎಬ್ಬಿಸಬಾರದು. ರೈಲು ಹಳಿಯ ಅಡಿ ಹಾಕುತ್ತಿದ್ದ ಹಳೇ ಸ್ಲೀಪರ್ ಮರವನ್ನೂ ಆಚಾರ್ರು ಊಟದ ಮೇಜಿಗೆ ಮುಟ್ಟುವುದಿಲ್ಲ. ಅದು ಕುಡಿದಿರುವ ಡಾಂಬರಿನಂಥ ಎಣ್ಣೆ ಒಳಗೇ ಇರುತ್ತದೆ.

ಪಾಲಿಶ್ ಅಂದರೆ ಅಗಸೆ ಎಣ್ಣೆ, ಮೇಲೆ ಜೇನುಮೇಣ. ಗಾಜಿನ ಹಾಗೆ ಹೊಳೆಯುವ ಫಿನಿಶ್ ಬೇಕಾದವರಿಗೆ ಇದು ಹಿಡಿಸಲಿಕ್ಕಿಲ್ಲ. ಬಿಸಿ ಪಾತ್ರೆ ನೇರ ಇಟ್ಟರೆ ಬಿಳಿ ಕಲೆ ಬರುತ್ತದೆ, ಮತ್ತೆ ಎಣ್ಣೆ ಒರೆಸಿದರೆ ಹೋಗುತ್ತದೆ. ಶೆಡ್ಡಿನ ಹಿಂದೆ ಎಣ್ಣೆ ಒರೆಸಿದ ಬಟ್ಟೆಗಳನ್ನು ತಂತಿಯ ಮೇಲೆ ಒಂದೊಂದೇ ಬಿಡಿಸಿ ಒಣಹಾಕಿದ್ದರು. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನಾಗಿ ಕಾವು ಏರಿ ಬೆಂಕಿ ಹತ್ತಬಹುದು. ಈ ಎಚ್ಚರ ಇರುವ ಕಡೆ ಕೆಲಸ ಕೊಡಲು ನನಗೆ ಧೈರ್ಯ.

ಕೊರತೆಯೂ ಇದೆ. ಹೇಳಿದ ತಾರೀಕಿಗೆ ಮೇಜು ಬರಲಿಲ್ಲ, ಫೋನಿಗೂ ಸರಿಯಾಗಿ ಸಿಗಲಿಲ್ಲ. ಲೆಕ್ಕ ಬಾಯಿಮಾತಿನದು, ಬರೆದು ಕೊಡಿ ಅಂತ ನಾವೇ ಒತ್ತಾಯಿಸಬೇಕಾಯಿತು. ಬೆಂಚಿನ ಬೀಡಿನ ಪಾದ ಜುಲೈಯಲ್ಲಿ ಬಿಳಿ ಟೈಲ್ಸಿನ ಮೇಲೆ ತುಕ್ಕಿನ ಕಲೆ ಬಿಟ್ಟಿತು. ಹೇಳಿದ ಮೇಲೆ ತಮ್ಮ ಬಂದು ಕೆರೆದು, ಬಣ್ಣ ಹೊಡೆದು, ರಬ್ಬರ್ ಬುಷ್ ಹಾಕಿಕೊಟ್ಟರು, ಹಣ ಕೇಳಲಿಲ್ಲ. ಆದರೂ ಅದನ್ನು ಮೊದಲೇ ಹಾಕಬೇಕಿತ್ತು. ಮರ-ಕಬ್ಬಿಣ ನಮ್ಮದೇ ಆಗಿ ಮೇಜಿಗೆ 26,000, ಬೆಂಚಿಗೆ 8,500 ರೂಪಾಯಿ ಆಯಿತು. ಕೊಡೆ ತೂಗುವ ಪಟ್ಟಿಯನ್ನು ಬಾಗಿಲಿನ ಉಳಿದ ತುಂಡು, ಸರಪಳಿಯ ಕೊಂಡಿಗಳಿಂದ ಹಾಗೇ ಮಾಡಿಕೊಟ್ಟರು. ಕೆಲಸಕ್ಕೆ ಹೋಲಿಸಿದರೆ ಇದು ನ್ಯಾಯದ ಬೆಲೆ.

ಗೃಹಪ್ರವೇಶದ ದಿನ ಗೊತ್ತು ಮಾಡಿಕೊಂಡು ಅವಸರದಲ್ಲಿ ಇರುವವರಿಗೆ ಈ ಶೆಡ್ಡು ಆಗಿಬರುವುದಿಲ್ಲ. ಮನೆ ಕೆಡವಿಸುವವರಾದರೆ ಜೆಸಿಬಿ ಬರುವ ಮೊದಲೇ ಅವರನ್ನು ಕರೆಸಿ, ಹಂಚು ಇಳಿಸುವ ದಿನವೇ ಬಂದು ಪಕ್ಕಾಸನ್ನು ಮುರಿಯದೆ ಬಿಚ್ಚಿಕೊಡುತ್ತಾರೆ. ತೇಗ, ಬೀಟೆ ಇದ್ದರೆ ಸಾಗಿಸುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಪಾಸ್ ವಿಚಾರಿಸಿಕೊಳ್ಳಿ, ಆ ಕಾಗದ ನೋಡದೆ ಆಚಾರ್ರು ಬೀಟೆಗೆ ಉಳಿ ಇಡುವುದಿಲ್ಲ. ಗಾಡಿ ಬಾಡಿಗೆ ನಮ್ಮದೇ.