ಸ್ಲೋ ಕುಕ್ಕರ್ ಕೊಳ್ಳುವಾಗ ತಳ ತಿರುಗಿಸಿ ನೋಡಿ, ನಾನು ನೋಡಲಿಲ್ಲ

ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ, ನಿಮ್ಮ ದುಡ್ಡಾದರೂ ಉಳಿಯಲಿ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅತ್ತೆ ರಾತ್ರಿಯಿಡೀ ಕೆಂಡದ ಮೇಲೆ ಹುರುಳಿ ಬೇಯಿಸುತ್ತಿದ್ದರು. ಆ ಕಟ್ಟಿನ ಸಾರಿನ ರುಚಿ ಪ್ರೆಶರ್ ಕುಕ್ಕರಿನಲ್ಲಿ ಬರುವುದಿಲ್ಲ. ಶಿವಮೊಗ್ಗದ ಬಾಡಿಗೆ ಮನೆಗೆ ಒಲೆ ಎಲ್ಲಿಂದ ತರೋದು? ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಸ್ಲೋ ಕುಕ್ಕರ್ ಹುಡುಕಿಕೊಂಡು ದುರ್ಗಿಗುಡಿಯ ಅಂಗಡಿಗಳನ್ನು ಸುತ್ತಿದೆ.

"ಎಕ್ಸ್‌ಪೋರ್ಟ್ ಪೀಸ್ ಅಕ್ಕಾ, ಬೇರೆಲ್ಲೂ ಸಿಗಲ್ಲ" ಎಂದ ಅಂಗಡಿ ಹುಡುಗ. 4,200 ರೂಪಾಯಿ. ಪಿನ್ ಎರಡೂ ಚಪ್ಪಟೆ, ನಮ್ಮ ಬೋರ್ಡಿಗೆ ಕೂರಲ್ವಲ್ಲ ಎಂದೆ. ಕೂಡಲೇ ಒಂದು ಪಿನ್ ಕನ್ವರ್ಟರ್ ಕೈಗಿಟ್ಟ, ಫ್ರೀ ಅಂತೆ. ಎಷ್ಟು ಒಳ್ಳೆ ಹುಡುಗ ಅಂದುಕೊಂಡೆ! ಬಿಲ್ ಕೇಳಿದರೆ "ಬಿಲ್ ಹಾಕಿದ್ರೆ ಟ್ಯಾಕ್ಸ್ ಬೀಳ್ತದೆ, ಸುಮ್ನೆ ಯಾಕಕ್ಕಾ" ಎಂದ. ಅದಕ್ಕೂ ಹೂಂ ಅಂದೆ.

ರಾತ್ರಿ ಹುರುಳಿ, ನೀರು ಹಾಕಿ 'ಲೋ'ಗೆ ಇಟ್ಟು ಮಲಗಿದೆ. ಎಂಟು ಗಂಟೆ ಬೇಕಲ್ವಾ, ಬೆಳಗ್ಗೆ ನೋಡಿದರಾಯಿತು. ಎರಡು ಗಂಟೆಯೂ ಆಗಿಲ್ಲ, ಸೀದ ವಾಸನೆಗೆ ಎಚ್ಚರವಾಯಿತು. ಹುರುಳಿ ತಳ ಹಿಡಿದು ಇದ್ದಿಲು. ಪಿಂಗಾಣಿ ಪಾತ್ರೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು.

ಬೆಳಗ್ಗೆ ಫೋನ್ ಮಾಡಿದರೆ "ನೀರು ಕಮ್ಮಿ ಹಾಕಿರ್ತೀರಿ ಅಕ್ಕಾ." ನನಗೇ ಅಡುಗೆ ಹೇಳಿಕೊಡುತ್ತಾನೆ!

ಸಿಟ್ಟಿನಲ್ಲಿ ಕುಕ್ಕರನ್ನು ಮಗುಚಿದೆ. ಬಿಸಿಗೆ ರೇಟಿನ ಚೀಟಿಯ ಅಂಚು ಎದ್ದಿತ್ತು. ಉಗುರು ಹಾಕಿ ಎಳೆದೆ. ಅಡಿಯಲ್ಲಿತ್ತು: 120 ವೋಲ್ಟ್, 60 ಹರ್ಟ್ಸ್. ಅಮೆರಿಕದ ಕರೆಂಟಿಗೆ ಮಾಡಿದ ಮಾಲು! ನಮ್ಮಲ್ಲಿ ಬರುವುದು 230 ವೋಲ್ಟ್. ವೋಲ್ಟೇಜ್ ಎರಡು ಪಟ್ಟಿನ ಹತ್ತಿರ ಹೋದರೆ ಶಾಖ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ, ವೈರಿಂಗ್ ಕೆಲಸ ಮಾಡುವ ಮೈದುನ ಹೇಳಿದ. ಪಿನ್ ಕನ್ವರ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೇ, ವೋಲ್ಟೇಜನ್ನಲ್ಲ. ಅದನ್ನು ಕೊಟ್ಟಿದ್ದಕ್ಕೆ ನಾನು ಎರಡು ಸಲ ಥ್ಯಾಂಕ್ಸ್ ಹೇಳಿ ಬಂದಿದ್ದೆ. ಎರಡು ಸಲ!

ಹೊತ್ತುಕೊಂಡು ಅಂಗಡಿಗೆ ಹೋದೆ. ಅದೇ ಹುಡುಗ, ಮುಖ ನೋಡದೆ: "ಬಿಲ್ ಇದೆಯಾ ಮೇಡಂ?" ಫೋನಿನಲ್ಲಿ ಅಕ್ಕ, ಎದುರಿಗೆ ಬಂದರೆ ಮೇಡಂ. "ನಮ್ಮಲ್ಲೇ ತಗೊಂಡಿದ್ದು ಅಂತ ಏನು ಗ್ಯಾರಂಟಿ?" ಒಳಗಿದ್ದ ಓನರ್ "ಸ್ಟೆಬಿಲೈಸರ್ ಹಾಕ್ಬೇಕಿತ್ತು" ಎಂದು ಮತ್ತೆ ಮೊಬೈಲ್ ನೋಡತೊಡಗಿದರು. ಬಿಲ್ ಇಲ್ಲ, ಏನು ಮಾತಾಡಲಿ? ಗ್ರಾಹಕ ಸಹಾಯವಾಣಿ 1915 ಇದೆ, ಗೊತ್ತು. ಕೈಯಲ್ಲಿ ಕಾಗದವೇ ಇಲ್ಲದೆ ಫೋನ್ ಮಾಡಲು ಧೈರ್ಯ ಬರಲಿಲ್ಲ.

ತಗೊಳ್ಳುವವರು ಅಂಗಡಿಯಲ್ಲೇ ತಳ ನೋಡಿ, 220-240 ವೋಲ್ಟ್, 50 ಹರ್ಟ್ಸ್ ಇರಲೇಬೇಕು. ಚೀಟಿ ಅಂಟಿಸಿದ್ದರೆ ಕೀಳಿಸಿ. ಒಳಗಿನ ಪಾತ್ರೆ ಬಿಡಿಯಾಗಿ ಸಿಗುತ್ತದಾ ಕೇಳಿ. ಡಿಜಿಟಲ್‌ಗಿಂತ ತಿರುಗಿಸುವ ನಾಬ್ ಇರೋದೇ ನಮ್ಮ ಕಡೆಗೆ ವಾಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಕೆಲವು ಡಿಜಿಟಲ್‌ಗಳು ತಾವಾಗಿ ಮತ್ತೆ ಶುರುವಾಗುವುದಿಲ್ಲ. ರಾಜ್ಮಾ ಮಾಡುವವರು ನೆನೆಸಿ, ಆ ನೀರು ಚೆಲ್ಲಿ, ಹತ್ತು ನಿಮಿಷ ಗ್ಯಾಸ್ ಮೇಲೆ ಕುದಿಸಿಯೇ ಹಾಕಿ. ಸ್ಲೋ ಕುಕ್ಕರಿನ ಸಣ್ಣ ಶಾಖಕ್ಕೆ ಅದರ ವಿಷ ಹೋಗುವುದಿಲ್ಲ. ಬಿಲ್ ಬಿಡಬೇಡಿ. ಟ್ಯಾಕ್ಸ್ ಬಿದ್ದರೆ ಬೀಳಲಿ.

ಆ ಕನ್ವರ್ಟರ್ ಇನ್ನೂ ಡ್ರಾಯರಿನಲ್ಲಿದೆ. ಚಮಚ ತೆಗೆಯುವಾಗೆಲ್ಲ ಕಾಣುತ್ತದೆ, ಮೈ ಉರಿಯುತ್ತದೆ.